ಮೂರನೇ ಅಚ್ಚಿನ ಹಂಚು

ಬೆಳಿಗ್ಗೆ ಬನ್ನಿ ಅಂತ ಹೇಳಿದ್ದೆನಲ್ಲ ಮಾರಾಯ್ರೆ. ಒಂದು ಸಲ ಅಲ್ಲ, ನೀವು ಬಂದಾಗಲೆಲ್ಲ ಹೇಳಿದ್ದೆ. ಬೆಳಿಗ್ಗೆ ಶೆಡ್ಡು ತಂಪಾಗಿರ್ತದೆ, ನನಗೂ ಪುರುಸೊತ್ತು ಉಂಟು, ಎಲ್ಲ ಸಮ ತೋರಿಸಬಹುದು. ಈಗ ಊಟ ಆಗಿ ಎಲ್ಲರ ಕಣ್ಣು ಎಳೆಯುವ ಹೊತ್ತು. ಈ ಹೊತ್ತಿನಲ್ಲಿ ಹಂಚಿನ ಕಾರ್ಖಾನೆಯಲ್ಲಿ ನೋಡ್ಲಿಕ್ಕೆ ಎಂತ ಉಂಟು? ಬೆವರು ಉಂಟು.

ಆಯ್ತು, ಬಂದಾಯ್ತಲ್ಲ. ಕೂತ್ಕೊಳ್ಳಿ. ಅಲ್ಲಿ ಬೇಡ, ಅದು ಭಟ್ಟಿಯ ಗೋಡೆ, ಬೆನ್ನು ಬೇಯ್ತದೆ. ಇಲ್ಲಿ, ನನ್ನ ಮೇಜಿನ ಹತ್ತಿರ. ಬಾಗೀ, ಇವರಿಗೊಂದು ಚಾ ಕೊಡು. ಒಳ್ಳೆ ಗ್ಲಾಸಿನಲ್ಲಿ ಕೊಡು, ಮದ್ರಾಸಿನ ಯೂನಿವರ್ಸಿಟಿ ಕಡೆಯವರು.

ನಾನೊಂದು ಚಿರೂಟು ಹಚ್ಚಿದ್ರೆ ಬೇಸರ ಇಲ್ಲಲ್ಲ? ನೋಡಿ, ಒಂದೇ ಕಡ್ಡಿಗೆ ಹತ್ತಿತು. ಬೆನೆಡಿಕ್ಟ್ ಮೇಸ್ತ್ರಿಗೆ ಇಡೀ ದಿನದಲ್ಲಿ ಇದೊಂದು ಸುಖ.

ಎಲ್ಲಿಗೆ ನಿಂತಿತ್ತು ನಮ್ಮ ಮಾತು? ಹಾಂ, ನಿಮ್ಮ ಪ್ರೊಫೆಸರು.

ನಿಮ್ಮೆದುರು ಹೇಳಬಾರದು, ನಿಮಗೆ ಸಂಬಳ ಕೊಡುವವರು. ಆದ್ರೂ ಹೇಳ್ತೇನೆ. ಹೋದ ತಿಂಗಳು ಕಾರಿನಿಂದ ಇಳಿದವರೇ ಚೀಲದಿಂದ ಒಂದು ಇಕ್ಕಳ ತೆಗೆದ್ರು. ಹಲ್ಲು ಕೀಳುವ ಡಾಕ್ಟರು ಅಂತ ತಿಳ್ಕೊಂಡೆ ನಾನು. ಮೂಗು ಅಳೆಯಲಿಕ್ಕಂತೆ. ಹೆಸರು ಆರ್ಥಿಕ ವಿಚಾರಣೆ, ಅಳೆಯುವುದು ಮೂಗು. ಆರ್ಥಿಕಕ್ಕೂ ಮೂಗಿಗೂ ಎಂತ ಸಂಬಂಧ ಸರ್ ಅಂತ ಕೇಳಿದೆ. ಯಾವ ಕುಲದವನಿಗೆ ಯಾವ ಕೆಲಸ ಹುಟ್ಟಿನಿಂದ ಬಂದಿದೆ, ಯಾಕೆ ಒಬ್ಬ ಅಚ್ಚಿನ ಮೇಲೆ ನಿಲ್ತಾನೆ, ಇನ್ನೊಬ್ಬ ಮಣ್ಣಿನ ಗುಂಡಿಯಲ್ಲಿ ನಿಲ್ತಾನೆ, ಇದಕ್ಕೆಲ್ಲ ಶರೀರದಲ್ಲಿ ಒಂದು ಕಾರಣ ಇರ್ತದೆ ಅಂದ್ರು. ದೊಡ್ಡವರು. ನಾನು ಹೌದು ಹೌದು ಅಂದೆ.

ನಮ್ಮ ನೋಣಯ್ಯ, ಒಂದನೇ ಅಚ್ಚಿನವನು, ಅವನಿಗೆ ಅವತ್ತು ನೆಗಡಿ. ಒರೆಸಿ ಒರೆಸಿ ಮೂಗು ಬಾತು ಗೇರುಹಣ್ಣಿನ ಹಾಗೆ ಆಗಿತ್ತು. ಅದನ್ನೂ ಅಳೆದ್ರು. ಈಗ ಮದ್ರಾಸಿನಲ್ಲಿ ಬಿಲ್ಲವರ ಮೂಗು ಅಂದ್ರೆ ನೋಣಯ್ಯನ ನೆಗಡಿ.

ನಗಿ, ನಗಿ. ನೀವು ನಗುವುದನ್ನು ಇವತ್ತೇ ನೋಡಿದ್ದು ನಾನು.

ಕುಶಲಾಳ ಕಥೆ ಇನ್ನೂ ಚಂದ. ಅಗೋ, ಹಲಗೆ ಹೊತ್ತು ಹೋಗ್ತಾ ಇದ್ದಾಳಲ್ಲ, ಅವಳೇ. ಅವಳ ಮಂಡೆ ಬಗ್ಗಿಸಿ ನೋಡಿದ್ರು. ನೆತ್ತಿಯಲ್ಲಿ ಒಂದು ಗ್ಲಾಸಿನ ಬಾಯಿಯಷ್ಟು ಅಗಲಕ್ಕೆ ಕೂದಲಿಲ್ಲ. ಅವಳ ಪಕ್ಕದವಳಿಗೂ ಇಲ್ಲ. ಆಚೆ ಪಕ್ಕದವಳಿಗೂ ಇಲ್ಲ. ಓಹೋ, ಇದು ಈ ಹೆಂಗಸರ ಕುಲದ ಲಕ್ಷಣ ಅಂತ ಇಂಗ್ಲಿಷಿನಲ್ಲಿ ಹೇಳಿಕೊಂಡ್ರು. ನನಗೆ ಇಂಗ್ಲಿಷ್ ಬರ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ಕುಲದ ಲಕ್ಷಣ! ಮದುವೆ ಆಗಿ ಬಂದಂದಿನಿಂದ ಹಂಚು ಹೊತ್ತು ಹೊತ್ತು ಸವೆದ ನೆತ್ತಿ ಅದು. ನಿಮ್ಮ ಪ್ರೊಫೆಸರ ಮಂಡೆಯ ಮೇಲೆ ಒಂದು ಮಳೆಗಾಲ ಹಂಚಿನ ಹಲಗೆ ಇಡಿ, ಅವರಿಗೂ ಅದೇ ಕುಲ ಬರ್ತದೆ.

ಕಲಿತವರಿಗೆ ಇಷ್ಟು ಗೊತ್ತಾಗುವುದಿಲ್ಲವಾ? ಒಂದು ಸಂಗತಿ ಕಂಡ್ರೆ ಅದು ಯಾಕೆ ಹಾಗಾಯ್ತು ಅಂತ ಕೇಳಬೇಕು. ಸೀದ ಹುಟ್ಟಿಗೆ ಹೋಗುವುದಾ?

ನನಗೇನು ಮಾಡಿದ್ರು ಗೊತ್ತುಂಟಾ? ನನ್ನ ಮಂಡೆಯನ್ನೂ ಅಳೆದು 'ನೇಟಿವ್ ಕ್ರಿಶ್ಚನ್' ಅಂತ ಒಂದು ಕಾಲಮಿಗೆ ಹಾಕಿದ್ರು. ನಾನು, ಮತ್ತೆ ಆ ಗುಂಡಿಯಲ್ಲಿ ಮಣ್ಣು ತುಳಿಯುವವ, ಹೋದ ವರ್ಷ ಪಾದ್ರಿಯಿಂದ ನೀರು ಹಾಕಿಸಿಕೊಂಡು ಕ್ರಿಶ್ಚನ್ ಆದವ, ಇಬ್ಬರೂ ಒಂದೇ ಕಾಲಮು. ಸರ್, ನಾವು ಗೋವೆಯಿಂದ ಬಂದವರು, ಗೋವೆಯಲ್ಲಿ ನಾವು ಯಾರಾಗಿದ್ದೆವು ಅಂತ ಸ್ವಲ್ಪ ಬರ್ಕೊಳ್ಳಿ ಅಂದೆ. ಬೇಡ ಅಂದ್ರು. ಬಿಜೈಯಲ್ಲಿ ಬಂದು ಕೇಳಿ ನಮ್ಮ ಮನೆತನ ಯಾವುದು ಅಂತ. ಇಗರ್ಜಿಯಲ್ಲಿ ನಮ್ಮ ತಂದೆಯವರು ಕೂತ್ಕೊಳ್ತಿದ್ದ ಜಾಗದಲ್ಲಿ ಇವತ್ತಿಗೂ ಬೇರೆ ಯಾರೂ ಕೂತ್ಕೊಳ್ಳುವುದಿಲ್ಲ. ಜಾತಿ ನಮ್ಮಲ್ಲಿ ಇಲ್ಲ, ಅದು ಬೇರೆ ಪ್ರಶ್ನೆ. ಮದುವೆಗೆ ಮಾತ್ರ ನೋಡ್ತೇವೆ. ಊಟಕ್ಕೆ ಸ್ವಲ್ಪ ನೋಡ್ತೇವೆ.

ಈಗ ಯಾಕೆ ನಗುವುದು?

ನೀವು ಒಂದು ವಿಚಿತ್ರ ಜನ ಚೆನ್ನಪ್ಪನವರೇ. ಚೆನ್ನಪ್ಪ, ಬಿ.ಎಸ್ಸಿ. ಅಷ್ಟೆ. ಹಿಂದೆ ಇಲ್ಲ, ಮುಂದೆ ಇಲ್ಲ. ಚೆನ್ನಪ್ಪ ಅಂತ ಬಂಟರಲ್ಲೂ ಉಂಟು, ಬಿಲ್ಲವರಲ್ಲೂ ಉಂಟು, ಕೆಳಗೂ ಉಂಟು. ಮನೆ ಎಲ್ಲಿ ಅಂದ್ರೆ ದೇರೆಬೈಲು ಅಂತೀರಿ. ದೇರೆಬೈಲಿನಲ್ಲಿ ಯಾರ ಹಿತ್ತಿಲು ಅಂದ್ರೆ ಮಾತು ತಿರುಗಿಸ್ತೀರಿ. ತುಳುವಿನಲ್ಲಿ ಮಾತಾಡಿದ್ರೆ ನನಗೆ ಅರ್ಧ ನಿಮಿಷ ಸಾಕು, ಯಾವ ಮನೆಯ ತುಳು ಅಂತ ಹೇಳ್ತೇನೆ. ಆದ್ರೆ ನೀವು ಮೊದಲ ದಿನದಿಂದ ಪುಸ್ತಕದ ಕನ್ನಡ. ಉಷಾರು. ಬೊಳಾರದ ಹೊಳೆ ಬದಿಯಲ್ಲಿ ನಿಂತು ತುಳು ಬರುವವರಿಬ್ಬರು ಕನ್ನಡದಲ್ಲಿ ಮಾತಾಡುವುದು, ನೋಡಿದವರು ಎಂತ ಹೇಳಿಯಾರು?

ಚಾ ಆರ್ತಾ ಉಂಟು. ಕುಡಿಯಿರಿ. ಬೇಡವಾ? ಇರ್ಲಿ.

ಸರಿ, ಕೆಲಸಕ್ಕೆ ಬರುವ. ನಿಮಗೆ ಬೇಕಾದದ್ದು ಒಡಕಿನ ಲೆಕ್ಕ. ಅದು ನಿಮ್ಮ ಹತ್ತಿರ ಬಂದಾಗಿದೆ, ನಾನೇ ಕೊಟ್ಟದ್ದು. ಹಂಚು ಒತ್ತುವ ಅಚ್ಚು ಮೂರು. ಒಂದನೆಯದು ನೋಣಯ್ಯಂದು, ಎರಡನೆಯದು ಯೂಸ್ಟೇಸಂದು, ಮೂರನೆಯದು ಮುದ್ದುವಿಂದು. ಒಂದೊಂದು ಅಚ್ಚಿಗೆ ಒಣಗಿಸುವ ಕಟ್ಟೆ ಒಂದೊಂದು. ಒಂದರಲ್ಲಿ ಒಡಕು ಕಡಿಮೆ, ಎರಡರಲ್ಲಿ ಕಡಿಮೆ, ಮೂರರಲ್ಲಿ ದುಪ್ಪಟ್ಟು. ಕೆಲವು ವಾರ ದುಪ್ಪಟ್ಟಿಗೂ ಮೇಲೆ. ಅದೇ ಮಣ್ಣು, ಅದೇ ನೀರು, ಅದೇ ಅಚ್ಚು. ಬೇರೆ ಇರುವುದು ಎಂತ? ಕೈ. ಇದಕ್ಕೆ ಬಿ.ಎಸ್ಸಿ. ಬೇಡ.

ಶನಿವಾರ ಮೆನೇಜರು ಒಂದು ಅಚ್ಚು ಮುಚ್ತಾರೆ. ಸಿಲೋನಿಗೆ ಹಂಚು ಹೋಗುವುದು ನಿಂತಿದೆ, ಬೊಂಬಾಯಿಯಲ್ಲಿ ಕೇಳುವವರಿಲ್ಲ, ಮೂರು ಅಚ್ಚು ತಿರುಗಿಸಿ ಯಾರ ಮನೆಗೆ ಹೊದಿಸುವುದು? ಯಾವುದನ್ನು ಮುಚ್ಚುವುದು ಅಂತ ಅವರು ನನ್ನನ್ನು ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ನಿಮ್ಮ ಮಾತು ಕೇಳ್ತಾರಂತೆ. ಹೊರಗಿನವರು, ವಿದ್ಯಾವಂತರು, ಪಕ್ಷಪಾತ ಇಲ್ಲ. ಹಾಗಾಗಿ ಹೇಳಿಬಿಡಿ ಇದ್ದದ್ದನ್ನು. ಮುದ್ದು ಅಚ್ಚು ಬಿಟ್ಟು ಗುಂಡಿಗೆ ಹೋಗ್ತಾನೆ, ಮೊದಲು ಇದ್ದದ್ದು ಅಲ್ಲಿಯೇ. ಅವನ ಅಪ್ಪನೂ ಅಲ್ಲಿಯೇ ಇದ್ದದ್ದು. ಹೊಟ್ಟೆಗೆ ಸಾಲದೆ ಸಾಯುವುದಿಲ್ಲ, ಇಷ್ಟು ದಿನ ಸತ್ತಿದ್ದಾನಾ?

ಬರ್ಕೊಳ್ಳುವುದಿಲ್ಲವಾ ನೀವು?

ಅವನು ಅಚ್ಚಿಗೆ ಬಂದದ್ದೇ ಒಂದು ತಮಾಷೆ. ಎರಡು ವರ್ಷದ ಹಿಂದೆ ಊರಿಡೀ ಹರಿಜನ, ಹರಿಜನ ಅಂತ ಭಾಷಣ. ನಮ್ಮ ಮೆನೇಜರು ಒಂದು ಸಂಜೆ ಭಾಷಣ ಕೇಳಿ ಬಂದವರು ಮರುದಿನ ಇಲ್ಲಿ ಬಂದು, ಬೆನೆಡಿಕ್ಟ್, ಮೂರನೇ ಅಚ್ಚಿಗೆ ಅವರಲ್ಲಿ ಒಬ್ಬನನ್ನು ಹಾಕು ಅಂದ್ರು. ಅವರಿಗೆ ಭಾಷಣ ಕೇಳಿದ ಪುಣ್ಯ, ನನಗೆ ಮಂಡೆಬೆಚ್ಚ. ಹಾಕಿದೆ. ನಾನೇ ಕಲಿಸಿದೆ ಬೇರೆ. ಮಣ್ಣಿನ ಉಂಡೆ ಹೇಗೆ ಇಡುವುದು, ಎಣ್ಣೆ ಎಷ್ಟು ಸವರುವುದು, ಹಿಡಿ ಯಾವಾಗ ಎಳೆಯುವುದು. ಕಲಿತ. ಕಲಿಯಲಿಲ್ಲ ಅಂತ ನಾನು ಹೇಳುವುದಿಲ್ಲ. ಹಂಚು ಅಚ್ಚಿನಿಂದ ಇಳಿಯುವಾಗ ನೋಡಿದ್ರೆ ಚಂದವೇ ಇರ್ತದೆ, ಅಂಚು ಗಿಂಚು ಎಲ್ಲ ಸಮ. ಒಮ್ಮೊಮ್ಮೆ ಯೂಸ್ಟೇಸಂದಕ್ಕಿಂತ ಸಮ.

ಎಂತ? ಮತ್ತೆ ಒಡೆಯುವುದು ಯಾಕೆ ಅಂತ ನಿಮ್ಮ ಮುಖ ಕೇಳ್ತದೆ. ಅದೇ ಹೇಳಿದ್ದು. ದೋಷ ಒಳಗೆ ಇರ್ತದೆ. ಇಳಿಯುವಾಗ ಕಾಣುವುದಿಲ್ಲ, ಕಟ್ಟೆಯಲ್ಲಿ ಒಣಗುವಾಗ ಹೊರಗೆ ಬರ್ತದೆ. ಕೈಯಲ್ಲಿ ಇಲ್ಲದ್ದನ್ನು ಎಷ್ಟು ದಿನ ಅಡಗಿಸಲಿಕ್ಕೆ ಆಗ್ತದೆ?

ಮೊದಲ ದಿನ ಎಂತ ಗಲಾಟೆ ಗೊತ್ತುಂಟಾ? ಅವನು ಶೆಡ್ಡಿನ ನಡುವಿನಿಂದ ನಡೆದು ತನ್ನ ಅಚ್ಚಿಗೆ ಹೋಗಬೇಕು. ಒಂದನೇ ಅಚ್ಚಿನವರು ದಾರಿಗೆ ಅಡ್ಡ ನಿಂತ್ರು. ಎರಡನೇ ಅಚ್ಚಿನವರೂ ನಿಂತ್ರು, ನಮ್ಮವರೇ, ಕುತ್ತಿಗೆಯಲ್ಲಿ ಶಿಲುಬೆ ಹಾಕಿಕೊಂಡವರು. ಹೆಂಗಸರು ಹಲಗೆ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ರು. ಭಟ್ಟಿ ಉರೀತಾ ಉಂಟು, ಕೆಲಸ ನಿಂತಿದೆ. ಯಾರು ಬಿಡಿಸಿದ್ದು? ನಾನು. ಒಂದು ಜಗಳ ಇಲ್ಲ, ಒಂದು ಪೊಲೀಸು ಇಲ್ಲ. ಶೆಡ್ಡಿನ ಆ ತುದಿಯಲ್ಲಿ, ಹೊಳೆಯ ಬದಿಗೆ, ತೆಂಗಿನ ಮಡಲಿನ ತಟ್ಟಿ ಕಟ್ಟಿತ್ತು. ಅದನ್ನು ಬಿಚ್ಚಿಸಿದೆ. ಮುದ್ದು, ನಿನಗೆ ಇದು ಬಾಗಿಲು, ಹೊಳೆ ಬದಿಯಿಂದ ಬಾ, ಹೊಳೆ ಬದಿಯಿಂದ ಹೋಗು, ಯಾರೂ ನಿನ್ನನ್ನು ತಡೆಯುವುದಿಲ್ಲ, ನೀನು ಯಾರನ್ನೂ ಮುಟ್ಟುವುದಿಲ್ಲ ಅಂದೆ. ಅರ್ಧ ಗಂಟೆಯಲ್ಲಿ ಕೆಲಸ ಶುರು. ಮೆನೇಜರು ಬೆನ್ನು ತಟ್ಟಿದ್ರು. ಭಾಷಣದವರು ಊರಿಡೀ ದೇವಸ್ಥಾನದ ಬಾಗಿಲು ತೆರೆಯಿರಿ ಅಂತ ಬೊಬ್ಬೆ ಹಾಕ್ತಿದ್ದಾಗ ನಾನು ಬೊಬ್ಬೆ ಹಾಕದೆ ಒಂದು ಬಾಗಿಲು ತೆರೆದೆ. ಅದನ್ನು ಯಾರೂ ಪೇಪರಿನಲ್ಲಿ ಹಾಕಲಿಲ್ಲ.

ಅಲ್ಲಿ ಎಂತ ನೋಡ್ತಾ ಇದ್ದೀರಿ? ಹೌದು, ಅದೇ ಬಾಗಿಲು. ಬೆಳಕು ಬರ್ತದಲ್ಲ, ಅದು. ಇನ್ನು ಅದಕ್ಕೆ ಕದ ಗಿದ ಎಂತ ಇಲ್ಲ, ಅಷ್ಟಗಲ ಬಯಲು. ಕಾರ್ಖಾನೆಯಲ್ಲಿ ಅವನಿಗಿರುವಷ್ಟು ಬೆಳಕು ಬೇರೆ ಯಾರಿಗೂ ಇಲ್ಲ.

ಇವತ್ತು ನೀವು ಎಂತ ಕೇಳುವುದೂ ಇಲ್ಲ. ಮೊದಲೆಲ್ಲ ಏನಾದ್ರೂ ಕೇಳ್ತಿದ್ರಿ. ಮೌನ ಇದ್ದವರ ಎದುರು ನನಗೆ ಮಾತು ಜಾಸ್ತಿ ಬರ್ತದೆ, ಅದು ನನ್ನ ಒಂದು ರೋಗ. ರೊಸಾಲಿನ್ ಹೇಳ್ತಾಳೆ, ನನ್ನ ತಂಗಿ, ಬೆನ್ನಾ ನಿನ್ನನ್ನು ಒಂದು ಗೋಡೆಯ ಎದುರು ಕೂರಿಸಿದ್ರೆ ಗೋಡೆಗೂ ಭಟ್ಟಿಯ ಕಥೆ ಹೇಳ್ತೀ ಅಂತ.

ಭಟ್ಟಿಯ ಕಥೆ ನಿಮಗೆ ಹೇಳಿದ್ದೇನಾ? ಹೇಳಿಲ್ಲ. ಕೇಳಿ, ಇದನ್ನು ನಿಮ್ಮ ಪ್ರೊಫೆಸರಿಗೂ ಹೇಳಿ.

ಆಗ ಇಲ್ಲಿ ಒಬ್ಬ ಬಿಳಿ ದೊರೆ ಇದ್ದ. ಭಟ್ಟಿಯ ಬೆಂಕಿ ಅವನ ಕೈಯಲ್ಲಿ. ಬೆಂಕಿಯ ಬಣ್ಣ ನೋಡಿ ಸೌದೆ ಕೂಡಿಸಬೇಕು, ಕಳೆಯಬೇಕು. ಕೆಂಪು ಸಾಲದಿದ್ರೆ ಹಂಚು ಹಸಿ, ಜಾಸ್ತಿಯಾದ್ರೆ ಡೊಂಕು. ನಾನು ಅವನ ಕೈಕೆಳಗೆ ಸೌದೆ ಹಾಕುವವ, ಹತ್ತು ವರ್ಷ. ನನಗೂ ಬಣ್ಣ ನೋಡ್ಲಿಕ್ಕೆ ಕಲಿಸಿ ಸರ್ ಅಂತ ಕೇಳಿದೆ. ನೋಡು ಅಂದ. ಭಟ್ಟಿಗೆ ಎರಡು ಕಿಂಡಿ, ಎರಡಕ್ಕೂ ಕಾಜು, ಗಾಜಿನ ಬಿಲ್ಲೆ. ಮುಂದಿನ ಕಿಂಡಿ ಅವನದ್ದು. ನನಗೆ ಹಿಂದಿನದ್ದು. ನಾನು ನೋಡಿ ಹೇಳುವುದು, ಅವನು ಇಲ್ಲ ತಪ್ಪು ಅನ್ನುವುದು. ಪ್ರತಿ ಸಲ ತಪ್ಪು. ಕೊನೆಗೆ ಒಂದು ದಿನ ನನ್ನ ಹೆಗಲ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ, ಹೇಳಿದ: ಬೆನೆಡಿಕ್ಟ್, ಬೇಸರ ಮಾಡಬೇಡ, ನಿಮ್ಮ ದೇಶದವರ ಕಣ್ಣು ಬಿಸಿಲಿಗೆ ಹುಟ್ಟಿದ್ದು, ಕೆಂಪಿನೊಳಗಿನ ಕೆಂಪು ಅದಕ್ಕೆ ಕಾಣುವುದಿಲ್ಲ.

ನಾನು ನಂಬಿದೆ ಮಾರಾಯ್ರೆ. ಮನೆಗೆ ಹೋಗಿ ದೀಪದ ಎದುರು ಕಣ್ಣು ಉಜ್ಜಿಕೊಂಡು ಕೂತಿದ್ದೆ. ನನ್ನ ಕಣ್ಣೇ ಸರಿ ಇಲ್ಲ ಅಂತ.

ಮತ್ತೆ ಹದಿನಾಲ್ಕನೇ ಇಸವಿಯ ಯುದ್ಧ ಬಂತು, ದೊರೆ ಹೋದ. ಭಟ್ಟಿ ಉರಿಸುವವರಿಲ್ಲ. ಹಂಚಿಗೆ ಆರ್ಡರು ಉಂಟು. ನೀನೇ ನೋಡು ಅಂದ್ರು. ಹೋಗಿ ಅವನ ಕಿಂಡಿಯಲ್ಲಿ ಕಣ್ಣಿಟ್ಟೆ. ಕಂಡಿತು. ಎಲ್ಲ ಕಂಡಿತು. ಕೆಂಪಿನೊಳಗೆ ಕೆಂಪು, ಅದರೊಳಗೆ ಹಳದಿ. ಹಿಂದೆ ಹೋಗಿ ನನ್ನ ಕಿಂಡಿಯ ಕಾಜನ್ನು ಬೆರಳಿನಿಂದ ಒರೆಸಿದೆ, ಬೆರಳು ಕಪ್ಪು. ಹೊಗೆಯೆಲ್ಲ ಹೋಗುವುದು ಆ ಬದಿಗೆ. ಹತ್ತು ವರ್ಷದಿಂದ ಮಸಿ. ನನ್ನ ಕಣ್ಣಿಗೆ ಎಂತ ಆಗಿರಲಿಲ್ಲ. ಅವತ್ತು ಇಳಿಸಿದ ಹಂಚು ಬೊಳಾರದಲ್ಲಿ ಇನ್ನೂ ನಾಲ್ಕು ಮನೆಯ ಮೇಲೆ ಉಂಟು, ತೋರಿಸ್ತೇನೆ ಬನ್ನಿ.

ದೊರೆಗೆ ಆ ಕಾಜಿನ ಸಂಗತಿ ಗೊತ್ತಿರಲಿಲ್ಲ ಅಂತೀರಾ? ಭಟ್ಟಿ ಕಟ್ಟಿಸಿದ್ದೇ ಅವನು. ಹೊಗೆ ಯಾವ ಕಡೆ ಹೋಗ್ತದೆ ಅಂತ ಭಟ್ಟಿಯವನಿಗೆ ಗೊತ್ತಿಲ್ಲದೆ ಇರ್ತದಾ? ಥೂ. ಸುಮ್ಮನೆ ಇದ್ದ. ಸುಮ್ಮನೆ ಇದ್ರೆ ಸಾಕಿತ್ತು ಅವನಿಗೆ.

ಎಂತ ಹಾಗೆ ನೋಡ್ತೀರಿ? ನಾನು ಹೇಳಿದ್ದು ನನ್ನ ಸಂಗತಿ. ನನ್ನ ಮತ್ತೆ ದೊರೆಯ ಸಂಗತಿ. ಅದಕ್ಕೂ ಇದಕ್ಕೂ ಎಂತ?

ಮುದ್ದುವಿನದ್ದು ಬೇರೆ. ಅವನಿಗೆ ನಾವು ಎಂತ ಕಡಿಮೆ ಮಾಡಿದ್ದೇವೆ ಹೇಳಿ. ಒಂದು ಸಲ ಬಂದು, ಮೇಸ್ತ್ರಿಗಳೇ, ಬಾಗಿಲಿಗೆ ಒಂದು ಗೋಣಿ ಸಿಕ್ಕಿದ್ರೆ ಇಳಿಬಿಡ್ತಿದ್ದೆ ಅಂದ. ಗೋಣಿ! ಇವನು ಯಾರು, ಮದುಮಗಳಾ, ಪರದೆ ಕಟ್ಟಲಿಕ್ಕೆ? ಎಲ್ಲರೂ ನಕ್ಕರು. ಕುಶಲಾ ಅಂತೂ ಒಂದು ವಾರ ಅವನನ್ನು 'ಮದುಮಗಳೇ, ಹಂಚು ಆಯ್ತಾ' ಅಂತಲೇ ಕರೆದಳು. ಅವನೂ ನಕ್ಕ. ಮತ್ತೆ ಕೇಳಲಿಲ್ಲ.

ಯೂಸ್ಟೇಸ್ ಯಾರು ಅಂತ ನಿಮಗೆ ಯಾರೋ ಹೇಳಿರಬೇಕು. ಆ ಹುಬ್ಬು ಎತ್ತುವುದು ಬೇಡ. ಹೌದು, ರೊಸಾಲಿನಳ ಮಗ. ನನ್ನ ಸೋದರಳಿಯ. ಅದನ್ನು ನಾನು ಅಡಗಿಸಲಿಲ್ಲ, ನೀವು ಕೇಳಲಿಲ್ಲ. ತಂದೆ ಇಲ್ಲದ ಹುಡುಗ ಆದ್ರೂ ಯಾರ ಹತ್ತಿರವೂ ಕೈ ಒಡ್ಡಿದವನಲ್ಲ. ಈಸ್ಟರ್ ಕಳೆದು ಅವನ ಮದುವೆ, ನೆಲ್ಲಿ ಅಂತ ಹುಡುಗಿ, ಒಳ್ಳೆ ಮನೆತನ. ಅಚ್ಚಿನ ಕೆಲಸ ಖಾಯಂ ಅಂತ ನಾನು ಮಾತು ಕೊಟ್ಟ ಮೇಲೆ ಅವರು ಒಪ್ಪಿದ್ದು. ಎರಡನೇ ಅಚ್ಚು ಮುಚ್ಚಿದ್ರೆ ಆ ಮದುವೆ ಉಂಟಾ? ಮೂರನೆಯದು ಮುಚ್ಚಿದ್ರೆ ಯಾರ ಮದುವೆ ನಿಲ್ತದೆ? ಮುದ್ದುವಿಗೆ ಮದುವೆ ಆಗಿ ಮಕ್ಕಳಾಗಿ ಎಲ್ಲ ಆಗಿದೆ.

ಇದನ್ನು ಲೆಕ್ಕಕ್ಕೆ ತಂದುಕೊಳ್ಳಿ ಅಂತ ಅಲ್ಲ. ಲೆಕ್ಕ ಒಡಕಿನದ್ದು. ಒಡಕು ಯಾರಿಗೂ ಅಳಿಯ ಅಲ್ಲ. ಹಹ.

ನಗಲಿಲ್ಲ ನೀವು.

ಎದ್ದದ್ದು ಯಾಕೆ? ಹೋಗುವುದಾದ್ರೆ ಗೇಟು ಆ ಕಡೆ... ಈ ಕಡೆ ಎಲ್ಲಿಗೆ? ಕಟ್ಟೆ ನೋಡ್ಲಿಕ್ಕಾ? ನಾಳೆ ಬೆಳಿಗ್ಗೆ ಬನ್ನಿ, ಸಾವಕಾಶದಲ್ಲಿ ನೋಡುವ. ಈಗ ಹಸಿ ಹಲಗೆ ಓಡಾಡುವ ಹೊತ್ತು, ಕಾಲಿಗೆ ಅಡ್ಡ ಬರ್ತಾರೆ. ಇರಿ, ಇರಿ, ನಾನೂ ಬರ್ತೇನೆ. ಎಷ್ಟು ಬೇಗ ನಡೀತೀರಿ.

ಇದು ನೋಣಯ್ಯನ ಕಟ್ಟೆ. ನಿಂತು ನೋಡಿ, ಎಷ್ಟು ಚಂದ ಉಂಟು. ಇಲ್ಲಿ ಒಂದು ಎಲೆ ಅಲ್ಲಾಡುವುದಿಲ್ಲ, ಸಾವಕಾಶ ಒಣಗ್ತದೆ. ಇದು ನಮ್ಮ ಯೂಸ್ಟೇಸನ ಕಟ್ಟೆ. ಆ ಬದಿಯ ಮಡಲಿನ ತಟ್ಟಿ ನೋಡಿ, ಹೋದ ತಿಂಗಳು ಹೊಸತು ಕಟ್ಟಿಸಿದ್ದು. ಇಲ್ಲಿಯೇ ನೋಡಿದ್ರೆ ಸಾಕು. ಮುಂದೆ ಎಂತ ಇಲ್ಲ, ಅದೇ ಹಲಗೆ, ಅದೇ ಹಂಚು.

ಚೆನ್ನಪ್ಪನವರೇ. ನಾನು ಹೇಳಿದ್ದು ಕೇಳಿತಾ?

ಆಯ್ತು, ಇದು ಮೂರನೆಯದು. ನೋಡಿದ್ರಲ್ಲ. ಮುದ್ದೂ, ನೀನು ಯಾಕೆ ನಿಂತದ್ದು? ನಿನ್ನ ಕೆಲಸ ನೋಡು. ಇವರು ನಿನ್ನ ಮೂಗು ಅಳೆಯಲಿಕ್ಕೆ ಬಂದದ್ದಲ್ಲ.

ಚಿರೂಟು ಕೆಟ್ಟಿತು ನನ್ನದು. ಒಂದು ನಿಮಿಷ... ಥತ್. ಈ ಸ್ವದೇಶಿ ಕಡ್ಡಿಗಳ ಹಣೆಬರಹ. ದೇಶಭಕ್ತಿ ಉರೀತದೆ, ಕಡ್ಡಿ ಉರಿಯುವುದಿಲ್ಲ. ಇನ್ನೊಂದು. ಇದೂ ಹೋಯ್ತು. ಕೈ ಸ್ವಲ್ಪ ಮುಚ್ಚಿ ಹಿಡಿಬೇಕು, ಹೀಗೆ...

ಎಂತ ನೋಡ್ತೀರಿ ನನ್ನ ಕೈಯನ್ನು? ಕಡ್ಡಿ ಚಂಡಿ, ಒದ್ದೆ ಆಗಿದೆ. ಬೆವರಿಗೆ. ಆಗ ಹತ್ತಿತ್ತು, ಹೌದು, ಒಂದೇ ಕಡ್ಡಿಗೆ ಹತ್ತಿತ್ತು. ಅದು ಆಗ. ಮೇಜಿನ ಹತ್ತಿರ.

ಗಾಳಿ ಅಂತ ಹೇಳುವಷ್ಟು ಎಂತ ಇಲ್ಲ ಇದು. ಹೊಳೆ ಬದಿ ಅಂದ ಮೇಲೆ ಮಧ್ಯಾಹ್ನದ ಮೇಲೆ ಸಮುದ್ರದ ಅಳಿವೆ ಕಡೆಯಿಂದ ಸ್ವಲ್ಪ ಬೀಸ್ತದೆ. ಸಂಜೆವರೆಗೆ. ಬೆಳಿಗ್ಗೆ ಇರುವುದಿಲ್ಲ. ಬೆಳಿಗ್ಗೆ ಬನ್ನಿ ಅಂದದ್ದು ಅದಕ್ಕಲ್ಲ. ಪುರುಸೊತ್ತಿಗೆ ಹೇಳಿದ್ದು ನಾನು.

ಮಾತಾಡಿ ಮಾರಾಯ್ರೆ. ಏನಾದ್ರೂ ಕೇಳಿ. ಕೇಳಿದ್ರೆ ಉತ್ತರ ಕೊಡ್ತೇನೆ. ಗಾಳಿಗೆ ಒಂದು ಬದಿ ಬೇಗ ಒಣಗ್ತದೆ, ಇನ್ನೊಂದು ಬದಿ ಹಸಿ ಇರ್ತದೆ ಅಂತ ನೀವು ಲೆಕ್ಕ ಹಾಕ್ತಾ ಇರಬಹುದು. ಪುಸ್ತಕದಲ್ಲಿ ಹಾಗೆ ಇರಬಹುದು. ನಾನು ಇಲ್ಲಿ ಕೂದಲು ಹಣ್ಣು ಮಾಡಿದವ. ಕೈ ಒಳ್ಳೆದಿದ್ರೆ ಗಾಳಿ ಎಂತ ಮಾಡುವುದಿಲ್ಲ. ಕೈಯ ದೋಷ ಅದು. ಎಲ್ಲಿಟ್ರೂ ಅವನದ್ದು ಒಡೀತದೆ, ಎಲ್ಲಿಟ್ರೂ ಇವನದ್ದು ಒಡಿಯುವುದಿಲ್ಲ.

ಆ ಹಲಗೆ ಯಾಕೆ ಎತ್ತಿದ್ರಿ?

ಅದು ಮುದ್ದುವಿಂದು, ಈಗಷ್ಟೆ ಇಳಿಸಿದ್ದು. ಬಟ್ಟೆ ಕೆಸರಾಗ್ತದೆ ನಿಮ್ಮದು, ಯಾರಿಗಾದ್ರೂ ಹೇಳಿದ್ರೆ ಹೊರ್ತಾರೆ. ಎಲ್ಲಿಗೆ ಕೊಂಡೋಗ್ತೀರಿ? ಅಲ್ಲಿ ಎರಡನೇ ಕಟ್ಟೆ, ಅಲ್ಲಿ ಇವನ ಹಂಚು ಇಡುವ ಕ್ರಮ ಇಲ್ಲ... ಇಟ್ರಿ. ತಟ್ಟಿಯ ಮರೆಗೆ ಇಟ್ರಿ. ಆಯ್ತು. ಇಟ್ಟಾಯ್ತಲ್ಲ. ನಿಮ್ಮ ಸಮಾಧಾನಕ್ಕೆ ಒಂದು ಹಲಗೆ ಇರ್ಲಿ ಅಲ್ಲಿ.

ಅಚ್ಚು ಯಾಕೆ ನಿಂತಿತು? ನೋಣಯ್ಯಾ, ಯೂಸ್ಟೇಸ್, ಇಲ್ಲಿ ಎಂತ ಬಯಲಾಟ ನಡೀತಾ ಉಂಟಾ? ಹೋಗಿ ನಿಮ್ಮ ನಿಮ್ಮ ಕೆಲಸಕ್ಕೆ.

ಅದು ಯೂಸ್ಟೇಸನ ಹಲಗೆ, ಚೆನ್ನಪ್ಪನವರೇ. ಅದನ್ನು ಮುಟ್ಟಬೇಡಿ. ಹಸಿ ಉಂಟು.

ಎಲ್ಲಿಗೆ ಅದನ್ನು?

ಇಲ್ಲ, ಇಲ್ಲ. ಬಾಗಿಲಿನ ಹತ್ತಿರ ಬೇಡ. ಕೆಳಗಿಡಿ, ಇಲ್ಲಿಯೇ ಕೆಳಗಿಡಿ, ನಾನು ನಿಮ್ಮ ಅಪ್ಪನ ಪ್ರಾಯದವ, ಕಾಲು ಹಿಡಿಬೇಕಾ? ಅಲ್ಲಿ ಇಡ್ಬೇಡಿ ಅಂದೆ. ನಾಳೆ ನೋಡುವಾಗ ಒಂದೂ ಉಳಿದಿರುವುದಿಲ್ಲ. ಅಲ್ಲಿಟ್ರೆ ಒಡೀತದೆ.

ಒಡೀತದೆ ಮಾರಾಯ್ರೆ, ಅಲ್ಲಿ ಎಂತ ಇಟ್ರೂ...

...

ನೀವೆಲ್ಲ ಯಾಕೆ ನನ್ನನ್ನು ನೋಡುವುದು? ಮುದ್ದೂ, ನೀನು ಆ ಕಡೆ ನೋಡು. ಯಾರಾದ್ರೂ ಅಚ್ಚು ತಿರುಗಿಸಿ. ಯಾವ ಅಚ್ಚಾದ್ರೂ ಆಯ್ತು, ತಿರುಗಿಸಿ.